ಅಪ್ಪನ ಅಂಗೈ, ನನ್ನ ಅಂಗೈ, ಮಗನ ಅಂಗೈ

ನಮ್ಮ ಮನೆತನದವರ ಕೈ ಬೇರೆ ಎಂಬುದು ಇಳಕಲ್ಲಿನ ನಮ್ಮ ಓಣಿಗೆಲ್ಲ ಗೊತ್ತು. ಅಪ್ಪನ ಅಂಗೈ, ಅಂಗಾಲಿನ ಚರ್ಮ ಹಳದಿ ಛಾಯೆಯದು, ಗಟ್ಟಿ, ದಪ್ಪ. ಮಣಿಕಟ್ಟಿನ ಹತ್ತಿರ ಅದು ಥಟ್ಟನೆ ನಿಂತುಬಿಡುತ್ತದೆ. ಅಲ್ಲಿ ಕೆಂಪನೆಯ ಅಂಚು, ಅಂಚಿನಾಚೆ ಎಲ್ಲರಂಥದೇ ಚರ್ಮ. ಅಪ್ಪನ ಅವ್ವನಿಗೆ ಹೀಗೇ ಇತ್ತು, ನನಗೂ ಹೀಗೇ ಇದೆ. ನನ್ನ ತಮ್ಮನಿಗೆ ಇಲ್ಲ. ಮಗ ಹುಟ್ಟಿದ ಕೆಲವು ತಿಂಗಳಿಗೆ ಅವನ ಅಂಗಾಲು ಕೆಂಪಾಯಿತು, ಅಂಬೆಗಾಲಿಡುವ ಹೊತ್ತಿಗೆ ಗಟ್ಟಿಯಾಗತೊಡಗಿತು. ಅವ್ವ ಅವನ ಪಾದ ಹಿಡಿದು ನೋಡಿ, "ಇವನೂ ನಿಮ್ಮಪ್ಪನ್ಹಾಂಗ ಆದ ನೋಡವಾ" ಅಂದಳು. ಅಷ್ಟೇ ಮಾತು. ಇದಕ್ಕಾಗಿ ನಮ್ಮಲ್ಲಿ ಯಾರೂ ದವಾಖಾನೆಯ ಮೆಟ್ಟಿಲು ಹತ್ತಿದವರಲ್ಲ.

ನೇಕಾರರ ಮನೆಯಲ್ಲಿ ಇಂಥ ಕೈ ಇದ್ದರೆ ಏನಾಗುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಇಳಕಲ್ಲ ಸೀರೆಯ ಒಡಲಿನ ಹಾಸಿನ, ಅಂದರೆ ಉದ್ದಕ್ಕೆ ಎಳೆದ ನೂಲಿನ, ಎಳೆಗಳಿಗೆ ಸೆರಗಿನ ಕೆಂಪು ರೇಷ್ಮೆಯ ಹಾಸನ್ನು ಒಂದೊಂದೇ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಆ ಕೂಡಿಕೆಯೇ ನಮ್ಮ ಸೀರೆಯ ಗುರುತು. ನೂಲು ಸುತ್ತುವುದು, ಕಂಡಕಿ (ಅಡ್ಡನೂಲಿನ ಉರುಳೆ) ತುಂಬುವುದು, ಕೊಂಡಿ ಹಾಕಲು ಕೈಜೋಡಿಸುವುದು ಮನೆಯ ಹೆಣ್ಣುಮಕ್ಕಳ ಕೆಲಸ. ನನ್ನ ಬೆರಳ ತುದಿಯ ಸಿಗುರಿಗೆ ರೇಷ್ಮೆ ಸಿಕ್ಕಿಕೊಂಡು ಎಳೆ ಹರಿಯುತ್ತಿತ್ತು. ಹಾಗಾಗಿ ನನ್ನನ್ನು ಲೆಕ್ಕದ ಪುಸ್ತಕಕ್ಕೆ ಹಚ್ಚಿದರು, ಕಾಲೇಜಿಗೆ ಕಳಿಸಿದರು. ಅಪ್ಪ ಒಡಲನ್ನು ನೇಯುತ್ತಿದ್ದ. ಸೆರಗು ಬಂದಾಗ ಮಗ್ಗದಿಂದ ಎದ್ದು ಕಾಕಾಗೆ ಜಾಗ ಬಿಡುತ್ತಿದ್ದ. ಸಣ್ಣವಳಿದ್ದಾಗ ಅದು ಇಬ್ಬರ ನಡುವಿನ ಹಂಚಿಕೆ ಅಂದುಕೊಂಡಿದ್ದೆ.

ಗುಂಡಿ ಮಗ್ಗವನ್ನು ಬರಿಗಾಲಲ್ಲಿ ತುಳಿಯಬೇಕು. ಚಳಿಗಾಲದಲ್ಲಿ ಅಪ್ಪನ ಹಿಮ್ಮಡ ಒಡೆದು ರಕ್ತ ಬರುತ್ತಿತ್ತು. ಬೇಸಿಗೆಯಲ್ಲಿ ಬೇರೆ ಕಾಟ: ಬೆವರಿಗೆ ನೆನೆದ ಚರ್ಮ ಬೆಳ್ಳಗಾಗಿ ಮೆತ್ತಗಾಗುತ್ತದೆ, ಬೆರಳ ಸಂದಿಯಲ್ಲಿ ತುರಿಸುತ್ತದೆ, ನಾತ ಬರುತ್ತದೆ. ಮದುವೆ ಮನೆಯ ಪಂಕ್ತಿಯಲ್ಲಿ ಕುಳಿತಾಗ ಅಪ್ಪ ಕಾಲನ್ನು ಧೋತರದೊಳಗೆ ಎಳೆದುಕೊಳ್ಳುತ್ತಿದ್ದ. ನಾನು ಗಂಡನ ಮನೆಗೆ ಬಂದ ಮೇಲೆ ಅತ್ತಿ ಒಳ್ಳೆಯ ಮನಸ್ಸಿನಿಂದಲೇ, "ಅಂಗೈ ದಪ್ಪ ಐತಿ, ಬಿಸಿ ಹತ್ತೂದಿಲ್ಲ, ರೊಟ್ಟಿ ಚಲೋ ಬಡೀತಾಳ" ಎಂದು ನೆರೆಯವರ ಮುಂದೆ ಹೇಳುತ್ತಿದ್ದರು. ಬಿಸಿ ತಡವಾಗಿ ಹತ್ತುವುದು ನಿಜ. ಆದರೆ ಜೋಳದ ಹಿಟ್ಟಿನ ನೀರು ಒಡೆದ ಅಂಗೈಯ ಸೀಳಿನೊಳಗೆ ಇಳಿದಾಗ ಆಗುವ ಉರಿ ನನ್ನಂಥವರಿಗಷ್ಟೇ ಗೊತ್ತು.

ಕುಷ್ಠರೋಗ ಪತ್ತೆಗೆಂದು ಮನೆ ಮನೆಗೆ ಬಂದ ಆಶಾ ಕಾರ್ಯಕರ್ತೆ ನನ್ನ ಕೈ ನೋಡಿ, ಮಗನ ಕಾಲು ನೋಡಿ, "ಅಕ್ಕಾರ, ಒಮ್ಮೆ ಡಾಕ್ಟರಿಗೆ ತೋರಿಸಿ ಬಿಡ್ರಿ" ಅಂದಳು. ಆಕೆ ಮೆಲ್ಲಗೇ ಹೇಳಿದಳು. ಆದರೂ ಆ ರಾತ್ರಿ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ. ಆಸ್ಪತ್ರೆಯ ವೈದ್ಯಾಧಿಕಾರಿ ನನ್ನ ಕಣ್ಣು ಮುಚ್ಚಿಸಿ, ಕೈಕಾಲಿನ ಅಲ್ಲಲ್ಲಿ ಹತ್ತಿಯ ಎಳೆಯಿಂದ, ಪೆನ್ನಿನ ತುದಿಯಿಂದ ಮುಟ್ಟಿ, ಮುಟ್ಟಿದ ಕಡೆ ಬೆರಳಿಟ್ಟು ತೋರಿಸಲು ಹೇಳಿದರು. ಮೊಣಕೈ ಹಿಂದಿನ ನರ ಉಬ್ಬಿದೆಯೇ ಎಂದು ಒತ್ತಿ ನೋಡಿದರು. ಸ್ಪರ್ಶ ಗೊತ್ತಾಗದ ಬಿಳಿಚಿದ ಮಚ್ಚೆ, ಉಬ್ಬಿದ ನರ, ಇವು ಕುಷ್ಠದ ಮುಖ್ಯ ಗುರುತು. ನಮ್ಮಲ್ಲಿ ಯಾರಿಗೂ ಎರಡೂ ಇರಲಿಲ್ಲ. "ಇದು ಕುಷ್ಠ ಅಲ್ಲ. ಬಾಗಲಕೋಟಿಗೆ ಚರ್ಮದ ಡಾಕ್ಟರ ಕಡೆ ಹೋಗ್ರಿ. ಹೋಗುವಾಗ ಅಪ್ಪನ್ನೂ ಕರ್ಕೊಂಡು ಹೋಗ್ರಿ" ಎಂದು ಬರೆದುಕೊಟ್ಟರು. ಅಪ್ಪನನ್ನು ಕರೆದೊಯ್ಯಲು ಹೇಳಿದ್ದು ಎಷ್ಟು ಬೆಲೆಯುಳ್ಳ ಸಲಹೆ ಎಂಬುದು ಮುಂದೆ ತಿಳಿಯಿತು.

ಹುನಗುಂದ, ಅಮೀನಗಡ ದಾಟಿ ಬಸ್ಸು ಬಾಗಲಕೋಟೆ ಮುಟ್ಟುವವರೆಗೂ ಅಪ್ಪ ಮಾತಾಡಲಿಲ್ಲ. ಹೊರರೋಗಿ ವಿಭಾಗದಲ್ಲಿ ಚೀಟಿ ಮಾಡಿಸಿ ಬೆಂಚಿನ ಮೇಲೆ ಕುಳಿತೆವು. ಅಕ್ಕಪಕ್ಕದಲ್ಲಿ ಅಂಗೈ ಬಿಚ್ಚಿ ಕುಳಿತವರು ಇನ್ನೂ ಇದ್ದರು. ಗೌಂಡಿ ಕೆಲಸದ ಒಬ್ಬ ಹುಡುಗ, ಐವತ್ತರ ಆಚೀಚಿನ ಒಬ್ಬ ಹೆಣ್ಣುಮಗಳು, ಎಡಗೈ ಮಾತ್ರ ಒರಟಾಗಿದ್ದ ಒಬ್ಬ ರೈತ. ಅಂಗೈ ದಪ್ಪವಾದವರೆಲ್ಲ ನಮ್ಮಂಥವರೇ ಎಂದು ಅಪ್ಪನಿಗೆ ಅನಿಸಿತು. ಪಾಪ, ಅವನ ಮುಖ ಸ್ವಲ್ಪ ಸಡಿಲಾದದ್ದೇ ಆಗ.

ಡಾಕ್ಟರ್ ಮೇಡಮ್ಮು ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತಲೇ ನೋಡುತ್ತಿದ್ದರು. ನಮ್ಮನ್ನು ಕೇಳಿಯೇ ಅವರನ್ನು ಹತ್ತಿರ ನಿಲ್ಲಿಸಿಕೊಂಡರು. ಅವರ ಮಾತು ಕಿವಿಗೆ ಬೀಳುತ್ತಿದ್ದುದರಿಂದ ನಮಗೂ ಪಾಠವಾಯಿತು. ಆ ರೈತನದು ಬೂಸ್ಟು (ಫಂಗಸ್): ಎರಡು ಕಾಲು, ಒಂದೇ ಕೈ ಅಂದರೆ ಮೊದಲು ಅದನ್ನೇ ಶಂಕಿಸಬೇಕಂತೆ. ಚರ್ಮವನ್ನು ಕೆರೆದು ಗಾಜಿನ ಮೇಲಿಟ್ಟು ಪೊಟ್ಯಾಷಿಯಂ ಹೈಡ್ರಾಕ್ಸೈಡ್ ಹನಿ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬೂಸ್ಟಿನ ಎಳೆಗಳು ಅಲ್ಲೇ ಕಾಣುತ್ತವೆ. ಗೌಂಡಿ ಹುಡುಗನದು ಸಿಮೆಂಟಿನಿಂದ ಬಂದ ಇಸುಬು. ಆ ಹೆಣ್ಣುಮಗಳಿಗೆ ಮುಟ್ಟು ನಿಂತ ಮೇಲೆ ಹಿಮ್ಮಡದಿಂದ ಶುರುವಾಗಿತ್ತು. ಸೋರಿಯಾಸಿಸ್ಸಿನಿಂದಲೂ ಅಂಗೈ ಅಂಗಾಲು ಹೀಗಾಗುತ್ತವೆ, ಥೈರಾಯ್ಡ್ ಕಡಿಮೆಯಾದರೂ ಆಗುತ್ತವೆ. ನೀರಿನಲ್ಲಿ ಆರ್ಸೆನಿಕ್ ಇದ್ದರೆ ಅಂಗೈಯಲ್ಲಿ ಸಣ್ಣ ಸಣ್ಣ ಗಟ್ಟಿ ಗುಳ್ಳೆಗಳು ಏಳುತ್ತವೆ; ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದ ಜನ ಇದನ್ನು ಅನುಭವಿಸಿದ್ದಾರೆ. ಮನೆಯಲ್ಲಿ ಯಾರಿಗೂ ಇಲ್ಲದೆ, ವಯಸ್ಸಾದ ಮೇಲೆ, ಇದ್ದಕ್ಕಿದ್ದಂತೆ ಅಂಗೈ ದಪ್ಪವಾಗತೊಡಗಿದರೆ ಒಳಗೆ ಎಲ್ಲಾದರೂ ಕ್ಯಾನ್ಸರ್ ಇದೆಯೇ ಎಂದೂ ಹುಡುಕಬೇಕು ಎಂದು ಅವರು ವಿದ್ಯಾರ್ಥಿಗಳಿಗೆ ಒತ್ತಿ ಹೇಳಿದರು. ಇವೆಲ್ಲ ಹುಟ್ಟಿನಿಂದ ಇದ್ದವಲ್ಲ, ಆಮೇಲೆ ಬಂದು ಸೇರಿಕೊಂಡಂಥವು. ಕಾರಣ ಹಿಡಿದರೆ ಬಹುಪಾಲು ಇಳಿಯುತ್ತವೆ.

ನಮ್ಮ ಸರದಿ ಬಂದಾಗ ಮೊದಲ ಪ್ರಶ್ನೆ, "ಯಾವಾಗಿಂದ ಐತ್ರೀ ಇದು?"

"ಹುಟ್ಟಿದಾಗಿಂದ ಅನ್ರೀ."

ಆಮೇಲೆ ಬಂದ ಪ್ರಶ್ನೆಗಳಿಗೂ ಅಂಗೈಗೂ ಏನು ಸಂಬಂಧ ಎಂದು ನಾನು ಬೆರಗಾದೆ. ಮಗನ ಕೂದಲಿನಲ್ಲಿ ಬೆರಳಾಡಿಸಿ ನೋಡಿದರು. ಹಲ್ಲು, ಒಸಡು ನೋಡಿದರು. ಉಗುರು ನೋಡಿದರು. ಕಿವಿ ಸರಿ ಕೇಳುತ್ತದೆಯೇ, ಬಿಸಿಲಿಗೆ ಕಣ್ಣು ನೋಯುತ್ತದೆಯೇ, ಮನೆತನದಲ್ಲಿ ಸಣ್ಣ ವಯಸ್ಸಿನಲ್ಲಿ ಎದೆ ಹಿಡಿದುಕೊಂಡು ಸತ್ತವರಿದ್ದಾರೆಯೇ, ಅನ್ನನಾಳದ ಕ್ಯಾನ್ಸರ್ ಯಾರಿಗಾದರೂ ಆಗಿತ್ತೇ ಎಂದು ಕೇಳಿದರು. ಉತ್ತರವನ್ನೂ ಅವರೇ ಕೊಟ್ಟರು. ಹುಟ್ಟಿನಿಂದ ಬರುವ ದಪ್ಪ ಅಂಗೈಯಲ್ಲಿ ಹಲವು ಬಗೆ. ಗ್ರೀಸ್ ದೇಶದ ನಾಕ್ಸೋಸ್ ದ್ವೀಪದಲ್ಲಿ ಮೊದಲು ಗುರುತಿಸಿದ ಒಂದರಲ್ಲಿ ಕೂದಲು ಉಣ್ಣೆಯಂತೆ ಸುರುಳಿಯಾಗಿರುತ್ತದೆ, ಹೃದಯದ ಬಡಿತ ಕೆಡುತ್ತದೆ. 1924ರಲ್ಲಿ ಪಾಪಿಯೋನ್ ಮತ್ತು ಲೆಫೆವ್ರ್ ಎಂಬ ಇಬ್ಬರು ವಿವರಿಸಿದ ಇನ್ನೊಂದರಲ್ಲಿ ಒಸಡು ಕೊಳೆತು ಹಾಲುಹಲ್ಲೂ ಉದುರುತ್ತವೆ, ಹೊಸ ಹಲ್ಲೂ ಉದುರುತ್ತವೆ. ಇಂಗ್ಲೆಂಡಿನ ಲಿವರ್‌ಪೂಲಿನ ಕುಟುಂಬಗಳಲ್ಲಿ ಕಂಡ ಬಗೆಯಲ್ಲಿ ಅನ್ನನಾಳಕ್ಕೆ ಕ್ಯಾನ್ಸರ್ ಬರುತ್ತದೆ. ಟೈರೋಸಿನ್ ಎಂಬ ಅಂಶವನ್ನು ದೇಹ ಅರಗಿಸದ ಬಗೆಯಲ್ಲಿ ಕಣ್ಣು ಉರಿಯುತ್ತದೆ; ಅದಕ್ಕೆ ಊಟದ ಪಥ್ಯವೇ ಮದ್ದು. ಅಂಗೈ ಒಂದನ್ನೇ ನೋಡಿ ಮುಲಾಮು ಬರೆದು ಕಳಿಸಿದರೆ ಇವೆಲ್ಲ ತಪ್ಪಿಹೋಗುತ್ತವೆ. ಈ ಕಥನದಲ್ಲಿ ಒಂದೇ ಮಾತು ಉಳಿಸಿಕೊಳ್ಳುವುದಾದರೆ ಇದನ್ನೇ ಉಳಿಸಿಕೊಳ್ಳಿ: ಮಕ್ಕಳ ಅಂಗೈ ಅಂಗಾಲು ದಪ್ಪವಾಗುತ್ತಿದ್ದರೆ ಕೂದಲು, ಹಲ್ಲು, ಕಿವಿ, ಕಣ್ಣು, ಹೃದಯ ಎಲ್ಲವನ್ನೂ ಒಮ್ಮೆ ನೋಡಿಸಿ.

ನಮ್ಮಲ್ಲಿ ಇವು ಯಾವುವೂ ಇರಲಿಲ್ಲ. ಮೂವರನ್ನೂ ಸಾಲಾಗಿ ಕೂರಿಸಿ ಆರೂ ಅಂಗೈಗಳನ್ನು ಮೇಜಿನ ಮೇಲೆ ಇಡಿಸಿದರು. ಒಂದೇ ಬಣ್ಣ, ಒಂದೇ ಕೆಂಪು ಅಂಚು. ಅಪ್ಪ ಜೀವನದಲ್ಲಿ ಮೊದಲ ಸಲ ಹೊರಗಿನವರ ಮುಂದೆ ಅಂಗೈ ತಿರುವಿ ಇಟ್ಟಿದ್ದ. ಮೇಡಮ್ಮು ಕೈಗವಸು ಇಲ್ಲದೆ ಅವನ ಕೈ ಹಿಡಿದು ಬಾಗಿಸಿ ನೋಡಿದಾಗ ಅವನ ಕಣ್ಣು ತುಂಬಿಬಂದದ್ದನ್ನು ನಾನು ನೋಡಿದೆ.

ಬಗೆ ಖಚಿತವಾಗಲು ಬಯಾಪ್ಸಿ ಬೇಕಿತ್ತು. ಕೂಸಿಗೆ ಬೇಡ, ನಿಮ್ಮದೇ ಸಾಕು ಅಂದರು, ಯಾಕೆಂದರೆ ಮೂವರದೂ ಒಂದೇ. ಅಂಗೈಗೆ ಮರಗಟ್ಟಿಸುವ ಇಂಜೆಕ್ಷನ್ ಬಹಳ ನೋಯುತ್ತದೆ, ಮುಚ್ಚಿಟ್ಟು ಹೇಳುವುದಿಲ್ಲ. ಅಂಗೈಯಲ್ಲಿ ನರದ ತುದಿಗಳು ದಟ್ಟ. ಆಮೇಲೆ ಏನೂ ಗೊತ್ತಾಗಲಿಲ್ಲ. 4 ಮಿಲಿಮೀಟರ್ ಅಗಲದ ದುಂಡನೆಯ ಅಲಗಿನಿಂದ ತುಂಡು ತೆಗೆದು ಹೊಲಿಗೆ ಹಾಕಿದರು. ಹೊಲಿಗೆ ಬಿಚ್ಚುವವರೆಗೆ ರೊಟ್ಟಿ ಕೆಲಸವನ್ನು ಅತ್ತಿಯೇ ನೋಡಿಕೊಂಡರು. ಬೆರಳ ಸಂದಿಯಿಂದ ಕೆರೆದು ಬೂಸ್ಟಿನ ಪರೀಕ್ಷೆಯನ್ನೂ ಮಾಡಿದರು.

ಫಲಿತಾಂಶ ಎರಡು ಬಗೆಯಾಗಿ ಬಂತು. ಬೂಸ್ಟು ಇತ್ತು, ನನಗೂ ಅಪ್ಪನಿಗೂ. ಬೇಸಿಗೆಯ ತುರಿಕೆ, ನಾತಕ್ಕೆಲ್ಲ ಕಾರಣ ಅದೇ. ದಪ್ಪ ಚರ್ಮ, ಮೇಲೆ ಬೆವರು. ಬೂಸ್ಟಿಗೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ತಲೆತಲಾಂತರದಿಂದ ಬಂದದ್ದರ ಮೇಲೆ ಹೊರಗಿನಿಂದ ಬಂದದ್ದು ಕುಳಿತಿತ್ತು, ಮತ್ತು ಈ ಹೊರಗಿನದು ಗುಣವಾಗುವಂಥದ್ದು. ಇಷ್ಟು ವರ್ಷ ಅಪ್ಪ ಮದುವೆ ಮನೆಗಳಲ್ಲಿ ಮುದುಡಿ ಕುಳಿತದ್ದು ಕೆಲವು ವಾರದ ಗುಳಿಗೆಯಿಂದ ಹೋಗಬಹುದಾದ ನಾತಕ್ಕೆ ಎಂದು ತಿಳಿದಾಗ ನನಗೆ ಸಿಟ್ಟೂ ಬಂತು, ದುಃಖವೂ ಆಯಿತು.

ಬಯಾಪ್ಸಿ ಹೇಳಿದ್ದು: ಎಪಿಡರ್ಮೋಲಿಟಿಕ್ ಪಾಲ್ಮೋಪ್ಲಾಂಟರ್ ಕೆರಟೋಡರ್ಮ, ಅಂದರೆ ಮೇಲ್ಚರ್ಮದ ಕೋಶ ಒಡೆದು ಅಂಗೈ ಅಂಗಾಲು ದಪ್ಪವಾಗುವ ಬಗೆ. ಚರ್ಮದ ಮೇಲ್ಪದರದ ಕೋಶಗಳು ಉಬ್ಬಿ, ಒಳಗೆ ಪೊಳ್ಳಾಗಿ ಒಡೆದಿದ್ದವು. ಕೋಶಗಳಿಗೆ ಬಲ ಕೊಡುವುದು ಕೆರಟಿನ್ ಎಂಬ ಪ್ರೋಟೀನಿನ ಎಳೆಗಳು. ಅದರಲ್ಲಿ 9ನೆಯ ಬಗೆಯ ಕೆರಟಿನ್ ಇರುವುದು ಅಂಗೈ ಅಂಗಾಲಿನ ಚರ್ಮದಲ್ಲಿ. ಮಣಿಕಟ್ಟಿನ ಹತ್ತಿರ ನಮ್ಮ ಚರ್ಮ ಯಾಕೆ ಥಟ್ಟನೆ ಬದಲಾಗುತ್ತದೆ ಎಂಬುದಕ್ಕೆ ಉತ್ತರ ಅಲ್ಲಿತ್ತು. ಆ ಕೆರಟಿನ್ನಿನ ಜೀನ್ 17ನೆಯ ವರ್ಣತಂತುವಿನಲ್ಲಿದೆ; ಅದರ ದೋಷದಿಂದ ಈ ತೊಂದರೆ ಎಂದು ಗೊತ್ತಾದದ್ದು 1994ರಲ್ಲಿ.

"ಅವ್ವನ ಕಡಿಯಿಂದ ಚಲೋ ಜೀನ್ ಬಂದಿರ್ತದಲ್ರೀ? ಅದ್ಯಾಕ ಸಾಲೂದಿಲ್ಲ?" ಎಂದು ಕೇಳಿದೆ. ನಮ್ಮ ಮನೆಯಲ್ಲಿ ಮಗ್ಗವಿದೆ ಎಂಬುದು ಅವರಿಗೆ ಗೊತ್ತಿತ್ತು. "ಎರಡು ಎಳಿ ಕೂಡಿಸಿ ಹುರಿ ಹಾಕ್ತೀರಲ್ಲ, ಅದರಾಗ ಒಂದು ಎಳಿ ಕೊಳತದ್ದಿದ್ರ ಇನ್ನೊಂದು ಎಷ್ಟ ಗಟ್ಟಿ ಇದ್ರೂ ಹುರಿ ಹರೀತೈತಿ, ಹೌದಲ್ಲೋ?" ಅಂದರು. ಅಪ್ಪ ತಟಕ್ಕನೆ, "ಹೌದ್ರೀ ಯವ್ವಾ, ಹರೀತೈತಿ" ಅಂದ. ನಡೆದಾಗ, ಒತ್ತಿದಾಗ ಈ ಕೋಶಗಳು ಒಡೆಯುತ್ತವೆ. ಒಡೆದದ್ದಕ್ಕೆ ಪ್ರತಿಯಾಗಿ ಮೈ ಮೇಲಿನ ಚರ್ಮವನ್ನು ದಪ್ಪಗೊಳಿಸುತ್ತದೆ. ಅಂದರೆ ನಾವು ರೋಗ ಎಂದು ತಿಳಿದಿದ್ದ ದಪ್ಪ ಪದರ ಅಡಿಯ ಸೂಕ್ಷ್ಮ ಚರ್ಮಕ್ಕೆ ಕಾಪೂ ಹೌದು. ಅದನ್ನು ಪೂರ್ತಿ ತೆಗೆದುಬಿಟ್ಟರೆ ನಡೆಯಲಾಗದಷ್ಟು ನೋವು.

ಇಂಥ ಮನೆತನಗಳ ವಿವರ ಬಹಳ ಹಿಂದಿನಿಂದಲೂ ಇದೆ ಎಂದು ಆಮೇಲೆ ಓದಿಕೊಂಡೆ. ಜರ್ಮನಿಯ ಥೋಸ್ಟ್ ಎಂಬ ವೈದ್ಯ 1880ರಲ್ಲಿ ಒಂದು ಕುಟುಂಬದ ಅಂಗೈಗಳನ್ನು ವಿವರಿಸಿದ. 1901ರಲ್ಲಿ ಫ್ಯೋರ್ನರ್ ಎಂಬಾತ ಸೂಕ್ಷ್ಮದರ್ಶಕದಲ್ಲಿ ಕೋಶ ಒಡೆಯುವ ಬಗೆಯನ್ನು ಕಂಡು ವಿವರಿಸಿದ; ಅದನ್ನು ಬಹಳ ಕಾಲ ಬೇರೆ ರೋಗ ಎಂದೇ ತಿಳಿದಿದ್ದರು. ಥೋಸ್ಟ್ ನೋಡಿದ್ದ ಕುಟುಂಬದ ಮುಂದಿನ ಪೀಳಿಗೆಯವರನ್ನು ಸುಮಾರು 110 ವರ್ಷದ ಮೇಲೆ ಹುಡುಕಿ ಪರೀಕ್ಷಿಸಿದಾಗ ಅವರದೂ ಫ್ಯೋರ್ನರ್ ಹೇಳಿದ ಬಗೆಯೇ ಎಂದು 1992ರಲ್ಲಿ ಪ್ರಕಟವಾಯಿತು. ಬರಿಗಣ್ಣಿಗೆ ಒಂದೇ ಥರ ಕಾಣುವುದನ್ನು ತುಂಡು ತೆಗೆದು ನೋಡದೆ ನಿರ್ಧರಿಸಬಾರದು ಎಂದು ಮೇಡಮ್ಮು ಯಾಕೆ ಹಟ ಹಿಡಿದರೆಂದು ಇದನ್ನು ಓದಿದಾಗ ಅರ್ಥವಾಯಿತು.

ನನ್ನ ಅತ್ತಿಯವರಿಗೆ ಬೇರೆಯದೇ ಚಿಂತೆ. ನಮ್ಮದು ಸೋದರಿಕೆಯ ಸಂಬಂಧ, ಅದರಿಂದಲೇ ಮೊಮ್ಮಗನಿಗೆ ಹೀಗಾಯಿತೇ ಎಂದು. ಮುಂದಿನ ಸಲ ಅವರೇ ಬಂದು ಕೇಳಿದರು. ಇದಕ್ಕೂ ಅದಕ್ಕೂ ಸಂಬಂಧವಿಲ್ಲ, ನಿಮ್ಮ ಸೊಸೆ ಯಾರನ್ನು ಮದುವೆಯಾಗಿದ್ದರೂ ಪ್ರತಿ ಕೂಸಿಗೂ ಅರ್ಧದಷ್ಟು ಸಂಭವ ಇರುತ್ತಿತ್ತು ಎಂದು ಉತ್ತರ ಬಂತು. ತಮ್ಮನಿಗೆ ಇಲ್ಲ, ಆದ್ದರಿಂದ ಅವನ ಮಕ್ಕಳಿಗೆ ಅವನಿಂದ ಬರುವುದಿಲ್ಲ. ಆದರೆ ಹಲ್ಲು ಉದುರುವ ಬಗೆ, ನಾಕ್ಸೋಸ್ ದ್ವೀಪದ ಬಗೆ ಹಾಗಲ್ಲ. ಅವುಗಳಲ್ಲಿ ತಂದೆ ತಾಯಿ ಇಬ್ಬರಿಂದಲೂ ದೋಷವಿರುವ ಜೀನ್ ಬರಬೇಕು, ಹಾಗಾಗಿ ರಕ್ತಸಂಬಂಧದ ಮದುವೆಗಳಲ್ಲಿ ಅವು ಹೆಚ್ಚು ಕಾಣುತ್ತವೆ. ಅತ್ತಿ ಎದೆಯ ಮೇಲೆ ಕೈ ಇಟ್ಟುಕೊಂಡು ಉಸಿರು ಬಿಟ್ಟರು. ರಕ್ತದ ಜೀನ್ ಪರೀಕ್ಷೆ ಚಿಕಿತ್ಸೆಗೆ ಈಗ ಬೇಕೇ ಬೇಕು ಅಂತಿಲ್ಲ, ಇನ್ನೊಂದು ಕೂಸಿನ ಆಲೋಚನೆ ಇದ್ದರೆ ಮೊದಲೇ ಮಾಡಿಸಿಕೊಳ್ಳಿ ಅಂದಿದ್ದಾರೆ. ಅದಕ್ಕೆ ಹಣ ಕೂಡಿಡುತ್ತಿದ್ದೇವೆ.

ಚಿಕಿತ್ಸೆ ಅಂದರೆ ದಿನದ ರೂಢಿ. ರಾತ್ರಿ ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ಕೈಕಾಲು ನೆನೆಸಿ, ಮೆತ್ತಗಾದ ಮೇಲೆ ಉಜ್ಜುಗಲ್ಲಿನಿಂದ ಮೇಲಿನ ಪದರವನ್ನಷ್ಟೇ ತೆಗೆದು, ಒರೆಸಿ, ಮುಲಾಮು ಹಚ್ಚುತ್ತೇವೆ. ನನಗೆ ಶೇ. 20ರ ಯೂರಿಯಾ ಕ್ರೀಮು, ಹಿಮ್ಮಡಕ್ಕೆ ಮಾತ್ರ ಶೇ. 6ರ ಸ್ಯಾಲಿಸಿಲಿಕ್ ಆಮ್ಲದ ಮುಲಾಮು. ಮಗನಿಗೆ ಶೇ. 10ರ ಯೂರಿಯಾ ಅಷ್ಟೇ. ಸ್ಯಾಲಿಸಿಲಿಕ್ ಆಮ್ಲ ಸಣ್ಣ ಮಕ್ಕಳ ಚರ್ಮದ ಮೂಲಕ ರಕ್ತಕ್ಕೆ ಸೇರುವ ಭಯವಿದೆ. ಮನೆಯಲ್ಲಿ ಬ್ಲೇಡು ಹಿಡಿಯಬಾರದು ಎಂದು ಅಪ್ಪನಿಗೆ ಕಟ್ಟುನಿಟ್ಟಾಗಿ ಹೇಳಿದರು. ಅವನು ಹರೆಯದಿಂದಲೂ ಕ್ಷೌರದ ಬ್ಲೇಡಿನಿಂದ ಹಿಮ್ಮಡ ಕೆತ್ತಿಕೊಳ್ಳುತ್ತಿದ್ದ.

ಚರ್ಮ ತೆಳುವಾಗಿಸುವ ಗುಳಿಗೆಯ ಮಾತೂ ಬಂತು: ಅಸಿಟ್ರೆಟಿನ್, ಎ ಜೀವಸತ್ವದ ಬಳಗದ್ದು. ಇದನ್ನು ನುಂಗುವ ಹೆಣ್ಣುಮಕ್ಕಳು ನಿಲ್ಲಿಸಿದ ಮೇಲೂ 3 ವರ್ಷ ಬಸಿರಾಗಬಾರದು, ಕೂಸಿಗೆ ಅಂಗವೈಕಲ್ಯವಾಗಬಹುದು. ನನಗೆ ಬೇಡ ಎಂದು ಅಲ್ಲಿಗೇ ತೀರ್ಮಾನವಾಯಿತು. ಅಪ್ಪನಿಗೆ ಯಕೃತ್ತು, ಕೊಬ್ಬಿನ ರಕ್ತಪರೀಕ್ಷೆ ಮಾಡಿಸಿ ಕಡಿಮೆ ಪ್ರಮಾಣದಲ್ಲಿ ಶುರು ಮಾಡಿದರು. ಚರ್ಮ ನಿಜಕ್ಕೂ ತೆಳುವಾಯಿತು. ಅಂಗೈ ಮಡಚಿ ಮುಷ್ಟಿ ಕಟ್ಟಿ ನಮಗೆಲ್ಲ ತೋರಿಸಿದ. ಆದರೆ ಅಂಗಾಲು ಎಳಸಾಗಿ, ಗುಳ್ಳೆ ಎದ್ದು, ಮಗ್ಗ ತುಳಿಯಲು ಆಗಲೇ ಇಲ್ಲ. ನಮ್ಮ ಬಗೆಯಲ್ಲಿ ಹೀಗಾಗಬಹುದು ಎಂದು ಮೊದಲೇ ಹೇಳಿದ್ದರು. ನಿಲ್ಲಿಸುವುದೋ ಮುಂದುವರಿಸುವುದೋ ಎಂದು ಅವನನ್ನೇ ಕೇಳಿದರು. "ಕೈ ಚಲೋ ಆಗೂದಕಿಂತ ನನಗ ಕಾಲು ಬೇಕ್ರೀ" ಅಂದ. ನಿಲ್ಲಿಸಿದರು. ನನಗೆ ಆ ತೀರ್ಮಾನದ ಬಗ್ಗೆ ಗೌರವವಿದೆ. ಎಷ್ಟು ನುಣುಪಾದರೆ ಸಾಕು ಎಂಬುದನ್ನು ಆ ಕಾಲಿನ ಮೇಲೆ ನಿಲ್ಲುವವರೇ ಹೇಳಬೇಕು. ಈಗ ಅವನು ಮನೆಯಿಂದ ಹೊರಬಿದ್ದರೆ ಎಂಸಿಆರ್ (ಮೈಕ್ರೋ ಸೆಲ್ಯುಲರ್) ರಬ್ಬರಿನ ಮೆತ್ತನೆಯ ಚಪ್ಪಲಿ ಹಾಕುತ್ತಾನೆ, ಮಗ್ಗದ ತುಳಿಗೆ ಅದೇ ರಬ್ಬರಿನ ತುಂಡು ಕಟ್ಟಿಕೊಂಡಿದ್ದಾನೆ.

ರೇಷನ್ನಿನ ಹೆಬ್ಬೆಟ್ಟಿನ ಕಥೆಯೂ ಒಂದಿದೆ. ನಮ್ಮ ಬೆರಳಿನ ಗೆರೆ ಯಂತ್ರಕ್ಕೆ ಹತ್ತುವುದಿಲ್ಲ. ಅಂಗಡಿಯ ಮುಂದೆ ಅಪ್ಪ ಬೆರಳನ್ನು ಧೋತರಕ್ಕೆ, ಗೋಡೆಗೆ ಉಜ್ಜಿ ಉಜ್ಜಿ ಇಟ್ಟು ಸೋತು ಬರುತ್ತಿದ್ದ. ಆಧಾರ್‌ನಲ್ಲಿ ಕಣ್ಣಿನ ಪಾಪೆಯ ಗುರುತೂ ಇದೆ, ಮೊಬೈಲಿಗೆ ಒಟಿಪಿಯೂ ಬರುತ್ತದೆ. ಅಪ್ಪನ ಮೊಬೈಲ್ ನಂಬರನ್ನು ಆಧಾರ್‌ಗೆ ಜೋಡಿಸಿದ ಮೇಲೆ ಆ ಕಷ್ಟ ತಪ್ಪಿತು. ಬೆರಳು ಹತ್ತದವರು ಇದನ್ನು ಕೇಳಿ ಮಾಡಿಸಿಕೊಳ್ಳಿ, ಬರಿಗೈಲಿ ಮರಳಬೇಡಿ.

ಮಗನನ್ನು ಅಂಗನವಾಡಿಗೆ ಹಾಕಿದಾಗ ಮೊದಲ ದಿನವೇ ನಾನು ಅವನ ಅಂಗೈಯನ್ನು ಟೀಚರಿಗೆ ತೋರಿಸಿದೆ. ಇದು ಅಂಟುವುದಿಲ್ಲ, ಉಳಿದ ಮಕ್ಕಳ ಕೈ ಹಿಡಿದು ಆಡಬಹುದು, ಬಿಸಿಲಿಗೆ ಕಾದ ಅಂಗಳದಲ್ಲಿ ಬರಿಗಾಲಲ್ಲಿ ಓಡಿಸಬೇಡಿ ಎಂದು ಹೇಳಿದೆ. ಆಕೆ ಅವನ ಕೈ ಹಿಡಿದುಕೊಂಡೇ ಒಳಗೆ ಕರೆದೊಯ್ದರು.

ಗುಳೇದಗುಡ್ಡದಲ್ಲಿ ನನ್ನ ಕಾಕಾನ ಮಗಳಿದ್ದಾಳೆ. ಕಾಕಾನ ಕೈ ಚೊಕ್ಕ, ಆಕೆಯದೂ ಮೊದಲು ಚೊಕ್ಕವೇ ಇತ್ತು. ಮದುವೆಯಾದ ಮೇಲೆ ಬಲ ಅಂಗೈ ಒರಟಾಗಿ ಒಡೆಯತೊಡಗಿದಾಗ ಎಲ್ಲರೂ "ಮನೆತನದ್ದು ಬಂತು" ಅಂದುಬಿಟ್ಟರು. ಔಷಧಿ ಅಂಗಡಿಯಲ್ಲಿ ಕೇಳಿ ತಂದ, ಸ್ಟಿರಾಯ್ಡ್ ಕೂಡಿಸಿದ ಟ್ಯೂಬನ್ನು ಆಕೆ ವರ್ಷಗಟ್ಟಲೆ ಹಚ್ಚುತ್ತಿದ್ದಾಳೆ. ಹಚ್ಚಿದಾಗ ತುರಿಕೆ ಇಳಿಯುತ್ತದೆ, ಬಿಟ್ಟರೆ ಇಮ್ಮಡಿಯಾಗಿ ಬರುತ್ತದೆ. ತಂದೆಗೆ ಇಲ್ಲದ್ದು ಮಗಳಿಗೆ ಹರೆಯದಲ್ಲಿ ಒಂದೇ ಕೈಗೆ ಬಂದಿದ್ದರೆ ಅದು ನಮ್ಮ ಮನೆತನದ್ದಲ್ಲ, ಕೆರೆದು ಪರೀಕ್ಷಿಸಬೇಕಾದದ್ದು ಎಂದು ಫೋನಿನಲ್ಲಿ ಹೇಳಿದೆ. ಬರುವ ಸೋಮವಾರ ಬಾಗಲಕೋಟೆಗೆ ಬರುತ್ತಾಳೆ. ಅಲ್ಲಿಯವರೆಗೆ ಅಂಗಡಿಯಿಂದ ಇನ್ನೊಂದು ಮುಲಾಮು ತರಬೇಡ, ಈವರೆಗೆ ಹಚ್ಚಿದ ಟ್ಯೂಬುಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಬಾ ಎಂದಿದ್ದೇನೆ. ಡಾಕ್ಟರಿಗೆ ಅವನ್ನೂ ತೋರಿಸಬೇಕು.